ಕೆಂಪು ಕಾಲುಚೀಲದ ಕಸುಬುದಾರ

ನ್ಯೂಯಾರ್ಕಿನ ಗದ್ದಲ, ಧೂಳು, ಕುದುರೆಗಾಡಿಗಳ ನೂಕುನುಗ್ಗಲು ಸಾಕೆನಿಸಿದವರಿಗೆ 1850ರ ದಶಕದಲ್ಲಿ ಒಂದು ಸುಲಭದ ದಾರಿಯಿತ್ತು. ದೋಣಿ ಹತ್ತಿ ಹಡ್ಸನ್ ನದಿ ದಾಟಿದರೆ ಆಚೆ ದಡದಲ್ಲೇ ಹೊಬೊಕೆನ್. ಹೊಳೆಯಂಚಿನ ಕಾಲುದಾರಿ ಹಿಡಿದು ಸ್ವಲ್ಪ ನಡೆದರೆ ಮರಗಳ ನೆರಳು, ಹುಲ್ಲುಹಾಸು, ಎಲಿಸಿಯನ್ ಫೀಲ್ಡ್ಸ್ ಎಂಬ ವಿಹಾರದ ಬಯಲು. ಬಯಲಿನ ಒಂದು ಕಡೆ ಸೇಂಟ್ ಜಾರ್ಜ್ ಕ್ಲಬ್ಬಿನ ಇಂಗ್ಲಿಷರು ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಇನ್ನೊಂದು ಕಡೆ ನಿಕರ್‌ಬಾಕರ್ ಕ್ಲಬ್ಬಿನವರು. ಅವರಲ್ಲಿ ಗುಮಾಸ್ತರಿದ್ದರು, ವ್ಯಾಪಾರಿಗಳಿದ್ದರು, ವೈದ್ಯರಿದ್ದರು. ನೀಲಿ ಉಣ್ಣೆಯ ಪ್ಯಾಂಟು, ಬಿಳಿ ಅಂಗಿ ತೊಟ್ಟು ನಾಲ್ಕು ಬೇಸ್‌ಗಳ ಸುತ್ತ ಓಡುತ್ತಿದ್ದ ಇವರದು ಬೇಸ್‌ಬಾಲ್ ಎಂಬ ಹೊಸ ಆಟ. 1846ರ ಜೂನ್ 19ರಂದು ಇದೇ ಬಯಲಿನಲ್ಲಿ ಇನ್ನೊಂದು ತಂಡವನ್ನು ಎದುರಿಸಿ 23–1ರಿಂದ ಸೋತು, ಹೋಟೆಲಿನಲ್ಲಿ ಊಟ ಮಾಡಿ, ನಗುನಗುತ್ತ ಮನೆಗೆ ಹೋದವರು ಅವರು. ಆಟವೆಂದರೆ ಅವರಿಗೆ ಸಂಜೆಯ ಹವ್ಯಾಸ, ಗೆಳೆಯರ ಕೂಟ.

ಈ ಎರಡು ಆಟಗಳ ನಡುವೆ ಬೆಳೆದ ಹುಡುಗ ಹ್ಯಾರಿ ರೈಟ್. ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, 1835ರ ಜನವರಿ 10ರಂದು. ಕೂಸಾಗಿದ್ದಾಗಲೇ ಮನೆಮಂದಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದರು. ಅಪ್ಪ ಸ್ಯಾಮ್ಯುಯೆಲ್ ರೈಟ್ ಸೇಂಟ್ ಜಾರ್ಜ್ ಕ್ಲಬ್ಬಿನ ಸಂಬಳದ ಕ್ರಿಕೆಟಿಗ. ಸಂಬಳದ ಕ್ರಿಕೆಟಿಗ ಎಂದರೆ ಇಂದಿನ ತಾರೆಯಲ್ಲ. ಬೆಳಿಗ್ಗೆ ಹುಲ್ಲು ಕತ್ತರಿಸಬೇಕು, ಪಿಚ್ ಉರುಳಿಸಬೇಕು. ಮಧ್ಯಾಹ್ನ ಕ್ಲಬ್ಬಿನ ಸಾಹುಕಾರರು ಬ್ಯಾಟ್ ಹಿಡಿದು ಬಂದಾಗ ಅವರಿಗೆ ಸಾಲುಸಾಲು ಎಸೆತ ಹಾಕಬೇಕು, ಅವರ ಹೊಡೆತ ತಿದ್ದಬೇಕು. ಪಂದ್ಯದ ದಿನ ಅವರ ಜೊತೆ ಆಡಬೇಕು, ಗೆಲ್ಲಿಸಿಯೂ ಕೊಡಬೇಕು. ಆಗಿನ ಇಂಗ್ಲೆಂಡಿನ ಕ್ರಿಕೆಟ್‌ನಲ್ಲಿ ದುಡ್ಡಿಗೆ ಆಡುವವನು ದೊಡ್ಡ ಮನುಷ್ಯರ ಸಾಲಿಗೆ ಸೇರಿದವನಲ್ಲ. ಅವನಿಗೆ ಬೇರೆ ಕೋಣೆ, ಬೇರೆ ಬಾಗಿಲು. ಹ್ಯಾರಿ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಒಡವೆ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಬಿಡುವಿನಲ್ಲಿ ಅಪ್ಪನ ಜೊತೆ ಮೈದಾನಕ್ಕಿಳಿದು ಅದೇ ಕಸುಬು ಕಲಿತ. 1847ರಲ್ಲಿ ಹುಟ್ಟಿದ ತಮ್ಮ ಜಾರ್ಜ್ ಕೂಡ ಮುಂದೆ ಅದೇ ದಾರಿಗೆ ಬಂದ.

ಪಕ್ಕದ ಅಂಕಣದ ಸದ್ದು ಹ್ಯಾರಿಯನ್ನು ಸುಮ್ಮನೆ ಬಿಡಲಿಲ್ಲ. 1858ರಲ್ಲಿ ಆತ ನಿಕರ್‌ಬಾಕರ್ ಕ್ಲಬ್ ಸೇರಿದ. ಮರುವರ್ಷ ಜಾರ್ಜ್ ಪಾರ್ ನಾಯಕತ್ವದಲ್ಲಿ ಇಂಗ್ಲೆಂಡಿನ ಹನ್ನೆರಡು ಮಂದಿ ಅಟ್ಲಾಂಟಿಕ್ ದಾಟಿ ಬಂದರು. ಇಂಗ್ಲೆಂಡಿನ ಕ್ರಿಕೆಟ್ ತಂಡವೊಂದು ಕಡಲಾಚೆಯ ದೇಶಕ್ಕೆ ಹೊರಟ ಮೊದಲ ಪ್ರವಾಸ ಅದು. ಆ ತಂಡದ ಎದುರು ನಿಂತ ಸ್ಥಳೀಯರಲ್ಲಿ ಹ್ಯಾರಿಯೂ ಒಬ್ಬ. ಒಂದು ಕಾಲು ಕ್ರಿಕೆಟ್ಟಿನಲ್ಲಿ, ಇನ್ನೊಂದು ಬೇಸ್‌ಬಾಲಿನಲ್ಲಿ ಇಟ್ಟುಕೊಂಡೇ ಆತ ಮೂವತ್ತರ ಅಂಚಿಗೆ ಬಂದ.

ಆಗಿನ ಬೇಸ್‌ಬಾಲನ್ನು ಈಗಿನ ಟೀವಿಯ ಆಟವೆಂದು ಕಲ್ಪಿಸಿಕೊಂಡರೆ ಚಿತ್ರ ತಪ್ಪುತ್ತದೆ. ಯಾರ ಕೈಗೂ ಗವಸಿಲ್ಲ. ಗಟ್ಟಿ ಚೆಂಡನ್ನು ಬರಿಗೈಯಲ್ಲೇ ಹಿಡಿಯಬೇಕು. ಡೊಂಕು ಬೆರಳಿಲ್ಲದ ಕ್ಯಾಚರ್ ಸಿಗುವುದೇ ಅಪರೂಪ. ಪಿಚರ್ 45 ಅಡಿ ದೂರದಿಂದ ಕೈಯನ್ನು ಸೊಂಟದ ಕೆಳಗೇ ಬೀಸಿ ಎಸೆಯಬೇಕು, ತೋಳು ಮೇಲೆತ್ತುವಂತಿಲ್ಲ. ನೋಡುಗರು ಕುರ್ಚಿ ಹಾಕಿ ಕೂತವರಲ್ಲ, ಹಗ್ಗದಾಚೆ ನಿಂತವರು. ಚೆಂಡು ಗುಂಪಿನೊಳಗೆ ನುಗ್ಗಿದರೆ ಫೀಲ್ಡರ್ ಕೂಡ ಅವರ ಕಾಲುಗಳ ಸಂದಿಗೆ ನುಗ್ಗಬೇಕು. ಅಂಕಗಳೋ, ಸುರಿಮಳೆ. 1867ರಲ್ಲಿ ಕೆಂಟಕಿಯ ನ್ಯೂಪೋರ್ಟ್‌ನಲ್ಲಿ ಹ್ಯಾರಿ ಒಂದೇ ಪಂದ್ಯದಲ್ಲಿ 7 ಹೋಮ್ ರನ್ ಹೊಡೆದ. ಪಿಚರ್ ಆಗಿ ನಿಂತಾಗ ಮಾತ್ರ ಆತನ ಬಲ ವೇಗವಲ್ಲ, ನಿಧಾನ. ಎಲ್ಲರೂ ಬಿರುಸಾಗಿ ಎಸೆಯುವಾಗ ಈತ ಮೆಲ್ಲಗೆ ತೇಲಿಬಿಟ್ಟ ಚೆಂಡಿಗೆ ದಾಂಡಿಗ ಮೊದಲೇ ಬೀಸಿ ಮುಗ್ಗರಿಸುತ್ತಿದ್ದ.

ದುಡ್ಡು ಆಗಲೇ ಆಟದೊಳಗೆ ಕಳ್ಳಹೆಜ್ಜೆ ಇಟ್ಟು ಬಂದಾಗಿತ್ತು. ಕ್ಲಬ್ಬುಗಳ ಸಂಘದ ನಿಯಮದಲ್ಲಿ ಆಟಗಾರರಿಗೆ ಹಣ ಕೊಡುವುದು ನಿಷಿದ್ಧ. ಆದರೆ ಗೆಲ್ಲುವ ಆಸೆಗೆ ನಿಯಮ ಎಲ್ಲಿಯದು? ಬ್ರೂಕ್ಲಿನ್ನಿನ ಪಿಚರ್ ಜಿಮ್ ಕ್ರೈಟನ್‌ಗೆ 1860ರಲ್ಲೇ ಮೇಜಿನ ಕೆಳಗಿನಿಂದ ಹಣ ಸಂದಿತೆಂದು ಇತಿಹಾಸಕಾರರು ನಂಬುತ್ತಾರೆ. ಪಾಪ, 21ನೇ ವಯಸ್ಸಿಗೇ ತೀರಿಹೋದ. ವಾಷಿಂಗ್ಟನ್ನಿನ ನ್ಯಾಷನಲ್ಸ್ ತಂಡದ ಆಟಗಾರರು ಕಾಗದದ ಮೇಲೆ ಸರ್ಕಾರಿ ಗುಮಾಸ್ತರು. 1867ರಲ್ಲಿ ಆ ತಂಡಕ್ಕೆ ಆಡಿದ ತಮ್ಮ ಜಾರ್ಜ್ ಕೂಡ ಹಾಗೆಯೇ ಗುಮಾಸ್ತ. ಆತನ ಕಚೇರಿ ಎಂದು ಕೊಟ್ಟಿದ್ದ ವಿಳಾಸಕ್ಕೆ ಹೋದರೆ ಅಲ್ಲಿದ್ದದ್ದು ಉದ್ಯಾನ. ಎಲ್ಲರಿಗೂ ಗೊತ್ತಿದ್ದ ಸುಳ್ಳನ್ನು ಎಲ್ಲರೂ ಕೈಕಟ್ಟಿಕೊಂಡು ಕಾಯುತ್ತಿದ್ದರು.

ಹ್ಯಾರಿಗೆ ಈ ಕಣ್ಣುಮುಚ್ಚಾಲೆ ಬೇಕಿರಲಿಲ್ಲ. ಅಪ್ಪ ಬೆವರು ಸುರಿಸಿ ದುಡಿದದ್ದನ್ನು, ಕೈಚಾಚಿ ಸಂಬಳ ಪಡೆದದ್ದನ್ನು ಕಂಡವನಿಗೆ ಅದರಲ್ಲಿ ನಾಚಿಕೆಯ ಮಾತೇನು? 1865ರಲ್ಲಿ ಓಹಿಯೋ ನದಿಯ ದಡದ ಸಿನ್ಸಿನಾಟಿಗೆ ಹೋದದ್ದೂ ವರ್ಷಕ್ಕೆ 1,200 ಡಾಲರಿನ ಕ್ರಿಕೆಟ್ ನೌಕರಿಗೆ. ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ಸೈನಿಕರು ಶಿಬಿರಗಳಿಂದ ಊರೂರಿಗೆ ಹೊತ್ತು ತಂದ ಬೇಸ್‌ಬಾಲಿನ ಹುಚ್ಚು ನೋಡನೋಡುತ್ತ ಹಬ್ಬಿತು. ಕ್ರಿಕೆಟ್ ಕ್ಲಬ್ಬಿನ ಮೈದಾನದಲ್ಲೇ ಆಡುತ್ತಿದ್ದ ಸಿನ್ಸಿನಾಟಿ ಬೇಸ್‌ಬಾಲ್ ಕ್ಲಬ್ ಅದೇ ಸಂಬಳಕ್ಕೆ ಹ್ಯಾರಿಯನ್ನು ಎಳೆದುಕೊಂಡಿತು. ಮೊದಲು ಬದಲಾದದ್ದು ಉಡುಪು. ಕಾಲಿಗೆ ತೊಡರುವ ಉದ್ದ ಪ್ಯಾಂಟು ಹೋಗಿ ಮೊಣಕಾಲಿನವರೆಗಿನ ಚಡ್ಡಿ ಬಂತು, ಕೆಳಗೆ ಕೆಂಡದಂಥ ಕೆಂಪು ಉಣ್ಣೆಯ ಕಾಲುಚೀಲ. ಗಂಡಸರ ಮೀನಖಂಡ ಹೀಗೆ ಎದ್ದು ಕಾಣುವುದು ಆ ಕಾಲದ ಮರ್ಯಾದಸ್ಥರಿಗೆ ಇರುಸುಮುರುಸು. ಊರಿನ ಹುಡುಗರಿಗೆ ಮಾತ್ರ ಅದೇ ಹೆಮ್ಮೆ. ತಂಡದ ಹೆಸರೇ ರೆಡ್ ಸ್ಟಾಕಿಂಗ್ಸ್ ಆಯಿತು.

1869ಕ್ಕೆ ಸಂಘವೇ ಮಣಿದು, ಹಣ ಪಡೆಯುವ ಆಟಗಾರರಿಗೆ ಒಪ್ಪಿಗೆ ಕೊಟ್ಟಿತು. ಉಳಿದ ಕ್ಲಬ್ಬುಗಳು ಅತ್ತಿತ್ತ ನೋಡುತ್ತಿರುವಾಗ ಸಿನ್ಸಿನಾಟಿ ಇಡೀ ತಂಡವನ್ನು ಬಹಿರಂಗವಾಗಿ ಸಂಬಳಕ್ಕೆ ಇಟ್ಟುಕೊಂಡಿತು. ಮಾರ್ಚ್ 15ರಿಂದ ನವೆಂಬರ್ 15ರವರೆಗೆ ಕರಾರು. ಶಾರ್ಟ್‌ಸ್ಟಾಪ್ ಜಾರ್ಜ್ ರೈಟ್‌ಗೆ 1,400 ಡಾಲರ್, ನಾಯಕ ಹ್ಯಾರಿಗೆ 1,200, ಪಿಚರ್ ಏಸಾ ಬ್ರೈನರ್ಡ್‌ಗೆ 1,100, ಮೂರನೇ ಬೇಸಿನ ಫ್ರೆಡ್ ವಾಟರ್‌ಮನ್‌ಗೆ 1,000. ಉಳಿದವರಿಗೆ ತಲಾ 800, ಕಾಯ್ದಿಟ್ಟ ಹತ್ತನೆಯವನಿಗೆ 600. ಅಣ್ಣನಿಗಿಂತ ತಮ್ಮನ ಸಂಬಳ ಹೆಚ್ಚು. ಅದನ್ನು ಒಪ್ಪಿ ತಂಡ ಕಟ್ಟಿದವನು ಅಣ್ಣ. ಅಂದಹಾಗೆ, ಇಷ್ಟು ಜನರಲ್ಲಿ ಸಿನ್ಸಿನಾಟಿಯ ಮಣ್ಣಿನ ಮಗ ಒಬ್ಬನೇ, ಮೊದಲ ಬೇಸಿನ ಚಾರ್ಲಿ ಗೂಲ್ಡ್. ಊರಿನ ತಂಡಕ್ಕೆ ಊರಿನವರೇ ಆಡಬೇಕೆಂಬ ನಂಬಿಕೆಯೂ ಅಲ್ಲಿಗೆ ಮುಗಿಯಿತು.

ಸಂಬಳ ಕೊಟ್ಟ ಮೇಲೆ ಕೆಲಸ. ಹ್ಯಾರಿಯ ದೊಡ್ಡ ಕೊಡುಗೆ ಇರುವುದು ಇಲ್ಲಿ. ಬೇರೆ ತಂಡಗಳು ಪಂದ್ಯದ ದಿನ ಕೂಡಿ ಆಡಿ ಚದುರುತ್ತಿದ್ದವು. ಈ ತಂಡಕ್ಕೆ ಅಭ್ಯಾಸವೇ ದಿನಚರಿ. ಆತ ಚೆಂಡನ್ನು ತಾನೇ ಮೇಲೆಸೆದು ಹೊಡೆಯುತ್ತಾನೆ. ದೂರದ ಫೀಲ್ಡರ್ ಓಡಿ ಹಿಡಿಯುತ್ತಾನೆ. ಮತ್ತೆ ಹೊಡೆತ, ಮತ್ತೆ ಓಟ. ಒಬ್ಬ ಚೆಂಡಿಗೆ ಬಾಗಿದರೆ ಅವನ ಬೆನ್ನಿಗೆ ಇನ್ನೊಬ್ಬ ನಿಂತಿರಬೇಕು, ಕೈ ತಪ್ಪಿದರೂ ಬೇಸ್ ತಪ್ಪಬಾರದು. ಕೈಸನ್ನೆಯೊಂದಕ್ಕೆ ಹೊರವಲಯದ ಮೂವರೂ ಜಾಗ ಬದಲಿಸಬೇಕು. ಬೈಗುಳ ಕೂಡದು, ಕುಡಿದು ಮೈದಾನಕ್ಕೆ ಬರಕೂಡದು, ಭಾನುವಾರ ಆಟವಿಲ್ಲ. ಗಡ್ಡಧಾರಿ ನಾಯಕ ದನಿ ಎತ್ತುತ್ತಿರಲಿಲ್ಲ. ಎತ್ತುವ ಅಗತ್ಯವೂ ಬೀಳುತ್ತಿರಲಿಲ್ಲ.

ಆ ಬೇಸಿಗೆ ರೈಲು ಹತ್ತಿದ ತಂಡ ಪೂರ್ವದ ನಗರಗಳನ್ನು ಒಂದೊಂದಾಗಿ ಗೆಲ್ಲುತ್ತ ಸಾಗಿತು. ಜೂನ್ 15ರಂದು ನ್ಯೂಯಾರ್ಕಿನ ಮ್ಯೂಚುವಲ್ಸ್ ಎದುರು 4–2ರ ಗೆಲುವು. ಎರಡಂಕಿ ಮುಟ್ಟದ ಪಂದ್ಯವೇ ಅಪರೂಪವಾಗಿದ್ದಾಗ ಅಂಥ ಬಿಗಿಯಾದ ಫೀಲ್ಡಿಂಗ್ ಕಂಡು ಜನ ಬೆರಗಾದರು. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ತಂಡವನ್ನು ಕರೆಸಿ ಕೈಕುಲುಕಿದ. ಊರಿಗೆ ಮರಳಿದಾಗ ಮೆರವಣಿಗೆ, ಔತಣ. ಉಡುಗೊರೆಯಾಗಿ 27 ಅಡಿ ಉದ್ದದ ಮರದ ದಾಂಡು! ಅದನ್ನು ಎತ್ತಲು ತಂಡವಿಡೀ ಸೇರಿದರೂ ಸಾಲದು. ಆಗಸ್ಟ್‌ನಲ್ಲಿ ಟ್ರಾಯ್ ಊರಿನ ಹೇಮೇಕರ್ಸ್ ಮಾತ್ರ 17–17ರಲ್ಲಿದ್ದಾಗ ಅಂಪೈರನ ತೀರ್ಪಿಗೆ ಸಿಡಿದು ಮೈದಾನ ಬಿಟ್ಟು ನಡೆದರು. ಖಂಡದ ಎರಡೂ ಅಂಚನ್ನು ಬೆಸೆದ ರೈಲುಹಳಿ ಅದೇ ವರ್ಷದ ಮೇ ತಿಂಗಳಲ್ಲಿ ಪೂರ್ಣಗೊಂಡಿತ್ತು. ಹಳಿಯ ಹೊಸತನ ಆರುವ ಮುನ್ನವೇ ಕೆಂಪು ಕಾಲುಚೀಲದವರು ಅದರ ಮೇಲೆ ಕ್ಯಾಲಿಫೋರ್ನಿಯಾ ಸೇರಿ ಅಲ್ಲಿಯೂ ಗೆದ್ದರು. ವರ್ಷದ ಕೊನೆಗೆ ಸಂಘದ ತಂಡಗಳ ಎದುರು 57 ಗೆಲುವು, ಸೋಲು ಸೊನ್ನೆ. ಕ್ಲಬ್ಬಿನ ಜಮಾಖರ್ಚು ತೆಗೆದು ನೋಡಿದರೆ ಉಳಿದ ಲಾಭ ಒಂದು ಡಾಲರ್ 39 ಸೆಂಟ್.

ಸುಮಾರು 80 ಪಂದ್ಯ ಹೀಗೆ ಸೋಲಿಲ್ಲದೆ ಸರಿದ ಮೇಲೆ ಬಂತು 1870ರ ಜೂನ್ 14. ಬ್ರೂಕ್ಲಿನ್ನಿನ ಕ್ಯಾಪಿಟೊಲಿನ್ ಮೈದಾನ, ಎದುರಾಳಿ ಅಟ್ಲಾಂಟಿಕ್ಸ್. ಟಿಕೆಟ್ ಕೊಂಡವರು ಒಳಗೆ, ಕೊಳ್ಳಲಾರದವರು ಬೇಲಿಯ ಸಂದಿಯಲ್ಲಿ, ಮರದ ಕೊಂಬೆಯಲ್ಲಿ. ಒಂಬತ್ತು ಇನಿಂಗ್ಸ್ ಮುಗಿದಾಗ 5–5. ಡ್ರಾ ಎಂದುಕೊಂಡ ಅಟ್ಲಾಂಟಿಕ್ಸ್ ಆಟಗಾರರು ದಾಂಡು ಎತ್ತಿಕೊಂಡು ಹೊರಟಾಗಿತ್ತು, ಜನ ಮೈದಾನದೊಳಗೆ ಸುರಿದಾಗಿತ್ತು. ಡ್ರಾ ಒಪ್ಪಿದ್ದರೆ ಸೋಲಿಲ್ಲದ ಸರಪಳಿ ಉಳಿಯುತ್ತಿತ್ತು. ಹ್ಯಾರಿ ಒಪ್ಪಲಿಲ್ಲ. ನಿಯಮದ ಪ್ರಕಾರ ತೀರ್ಮಾನವಾಗುವವರೆಗೆ ಆಡಬೇಕು ಎಂದು ಹಟ ಹಿಡಿದ. ಆಟದ ನಿಯಮಗಳ ತಜ್ಞ, ಪತ್ರಕರ್ತ ಹೆನ್ರಿ ಚಾಡ್ವಿಕ್‌ರ ಅಭಿಪ್ರಾಯವೂ ಅದೇ. ಜನರನ್ನು ಮತ್ತೆ ಹಗ್ಗದಾಚೆ ದೂಡಿ ಆಟ ಮುಂದುವರಿಯಿತು.

ಹತ್ತನೇ ಇನಿಂಗ್ಸ್‌ನಲ್ಲಿ ಅಟ್ಲಾಂಟಿಕ್ಸ್ ಓಟಗಾರರು ಇಬ್ಬರು ಬೇಸ್ ಮೇಲೆ. ದಾಂಡಿಗ ಹೊಡೆದ ಚೆಂಡು ನೆಟ್ಟಗೆ ಮೇಲೆದ್ದು ಜಾರ್ಜ್‌ನ ತಲೆಯ ಮೇಲೆ ಇಳಿಯತೊಡಗಿತು. ಹಿಡಿಯುವುದು ಖಂಡಿತವೆಂದು ಓಟಗಾರರು ಬೇಸ್ ಬಿಡದೆ ನಿಂತರು. ಜಾರ್ಜ್ ಬೇಕೆಂದೇ ಕೈಯಿಂದ ಜಾರಿಸಿದ! ಈಗ ಓಟಗಾರರು ಓಡಲೇಬೇಕು. ಅವರು ಕಾಲು ಕೀಳುವಷ್ಟರಲ್ಲಿ ಚೆಂಡು ಮೂರನೇ ಬೇಸ್ ಮುಟ್ಟಿ, ಅಲ್ಲಿಂದ ಎರಡನೆಯದಕ್ಕೂ ಹಾರಿತ್ತು. ಒಂದೇ ಏಟಿಗೆ ಇಬ್ಬರು ಔಟ್. ಗುಂಪು ಹುಯ್ಯಲಿಟ್ಟಿತು. ಈ ಜಾಣತನಕ್ಕೆ ನಿಯಮದ ಬೇಲಿ ಬಿದ್ದದ್ದು 1890ರ ದಶಕದಲ್ಲಿ.

ಹನ್ನೊಂದನೆಯದರಲ್ಲಿ ಸಿನ್ಸಿನಾಟಿ ಎರಡು ಅಂಕ ಕೂಡಿಸಿ 7–5 ಮಾಡಿತು. ಇನ್ನೇನು ಗೆದ್ದಂತೆ. ಆದರೆ ಅಟ್ಲಾಂಟಿಕ್ಸ್‌ನ ಜೋ ಸ್ಟಾರ್ಟ್ ಹೊಡೆದ ಚೆಂಡು ಬಲಬದಿಯ ಜನರೊಳಗೆ ಹೊಕ್ಕಿತು. ಸಿನ್ಸಿನಾಟಿಯ ಕ್ಯಾಲ್ ಮೆಕ್‌ವೇ ಅದನ್ನು ಹೆಕ್ಕಿ ತರುವಷ್ಟರಲ್ಲಿ ಒಂದು ಅಂಕ ಬಂದು ಸ್ಟಾರ್ಟ್ ಮೂರನೇ ಬೇಸ್‌ನಲ್ಲಿದ್ದ. ಮುಂದೆ ಬಂದ ನಾಯಕ ಬಾಬ್ ಫರ್ಗ್ಯುಸನ್ ಬಲಗೈ ದಾಂಡಿಗ. ಶಾರ್ಟ್‌ಸ್ಟಾಪ್‌ನಲ್ಲಿ ಜಾರ್ಜ್ ಕಾದಿರುವುದನ್ನು ನೋಡಿದ. ಆ ಕಡೆ ಹೊಡೆದರೆ ಬದುಕಿಲ್ಲವೆಂದು ಎಡಗೈಗೆ ತಿರುಗಿ ನಿಂತ, ಹೊಡೆದ, ಅಂಕ ಸಮವಾಯಿತು. ಮುಂದಿನ ಹೊಡೆತ ಗೂಲ್ಡ್‌ನ ಕೈಯಲ್ಲಿ ನಿಲ್ಲಲಿಲ್ಲ. ಗಡಿಬಿಡಿಯಲ್ಲಿ ಆತ ಎಸೆದದ್ದೂ ಗುರಿ ತಪ್ಪಿತು. ಫರ್ಗ್ಯುಸನ್ ಹೋಮ್ ಬೇಸ್ ಮುಟ್ಟಿದ. 8–7. ಊರಿನ ಒಬ್ಬನೇ ಹುಡುಗನ ಕೈಯಿಂದ ಊರಿನ ಸರಪಳಿ ಕಳಚಿತು. ಸೋತರೂ ಮಾನ ಹೋಗಿಲ್ಲವೆಂದು ಕ್ಲಬ್ಬಿನ ಅಧ್ಯಕ್ಷ ಏರನ್ ಚಾಂಪಿಯನ್ ಊರಿಗೆ ತಂತಿ ಕಳಿಸಿದ.

ಮಾನ ಉಳಿಯಿತು, ಟಿಕೆಟ್ ಕೊಳ್ಳುವವರು ಉಳಿಯಲಿಲ್ಲ. ಮತ್ತೂ ಕೆಲವು ಸೋಲು ಬಂದವು, ಮೈದಾನ ಬರಿದಾಯಿತು, ಆಟಗಾರರು ಹೆಚ್ಚು ಸಂಬಳ ಕೇಳಿದರು. ಆ ಚಳಿಗಾಲಕ್ಕೆ ಕ್ಲಬ್ ಸಂಬಳದ ತಂಡವನ್ನೇ ಕೈಬಿಟ್ಟಿತು. ಹ್ಯಾರಿ ತಮ್ಮನನ್ನೂ ಗೂಲ್ಡ್, ಮೆಕ್‌ವೇಯನ್ನೂ ಕರೆದುಕೊಂಡು ಬಾಸ್ಟನ್ನಿಗೆ ಹೊರಟ. ಕೆಂಪು ಕಾಲುಚೀಲವೂ, ತಂಡದ ಹೆಸರೂ ಜೊತೆಗೇ ಹೋದವು. 1871ರಲ್ಲಿ ಹುಟ್ಟಿದ ಮೊದಲ ವೃತ್ತಿಪರ ಲೀಗ್‌ನಲ್ಲಿ ಬಾಸ್ಟನ್ 1872ರಿಂದ 1875ರವರೆಗೆ ನಾಲ್ಕು ವರ್ಷ ಸತತ ಚಾಂಪಿಯನ್. ಕೊನೆಯ ವರ್ಷವಂತೂ 71 ಗೆಲುವು, 8 ಸೋಲು.

ಆ ವರ್ಷಗಳ ಹ್ಯಾರಿಯನ್ನು ನೋಡಬೇಕಾದರೆ ರಾತ್ರಿ ದೀಪದ ಬೆಳಕಿನಲ್ಲಿ, ಮೇಜಿನ ಮುಂದೆ ನೋಡಬೇಕು. ಆತನ ಪತ್ರಗಳೂ ಲೆಕ್ಕದ ಪುಸ್ತಕಗಳೂ ಇಂದಿಗೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಎದುರಾಳಿಗಳಿಗೆ ಪತ್ರ ಬರೆದು ದಿನ ಗೊತ್ತುಮಾಡುವುದು, ಟಿಕೆಟ್ ಹಣದಲ್ಲಿ ಪಾಲು ಎಷ್ಟೆಂದು ಚೌಕಾಸಿ ಮಾಡುವುದು, ರೈಲು, ಹೋಟೆಲು, ಚೆಂಡು, ದಾಂಡು, ಎಲ್ಲವೂ ಒಬ್ಬನದೇ ಹೊಣೆ. ನಾಯಕ, ತರಬೇತುದಾರ, ಕಾರ್ಯದರ್ಶಿ, ಗುಮಾಸ್ತ. ಅದರ ಮೇಲೆ ಪಂದ್ಯದ ದಿನ ಮೈದಾನದಲ್ಲಿ. ಅವಕಾಶ ಕೇಳಿ ಬರೆದ ಹುಡುಗರಿಗೆ ಉತ್ತರಿಸುವಾಗ ಆತ ಒತ್ತಿ ಹೇಳುತ್ತಿದ್ದದ್ದು ಹೊತ್ತಿಗೆ ಸರಿಯಾಗಿ ನಿದ್ದೆ, ಮಿತವಾದ ಬದುಕು, ತಪ್ಪದ ಅಭ್ಯಾಸ. ಆಟವೂ ಒಂದು ವ್ಯವಹಾರ, ಋತು ಮುಗಿಯುವವರೆಗೆ ಅದನ್ನು ಹಾಗೆಯೇ ನಡೆಸಬೇಕೆಂಬುದು ಆತನ ನಿಲುವು. ಬಾಜಿಕಟ್ಟುವವರ ಜೇಬಿಗೆ ಪಂದ್ಯ ಮಾರುವ ಆಟಗಾರರಿಗೆ ಕೊರತೆಯಿಲ್ಲದ ಕಾಲದಲ್ಲಿ ರೈಟ್‌ನ ತಂಡವೆಂದರೆ ನಂಬಿಕೆ.

1874ರ ಜುಲೈಯಲ್ಲಿ ಬಾಸ್ಟನ್ನಿನವರೂ ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ತಂಡದವರೂ ‘ಓಹಿಯೋ’ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಬೇಸ್‌ಬಾಲ್ ತೋರಿಸಲು ಹೋದವರು ಕ್ರಿಕೆಟನ್ನೂ ಆಡುತ್ತೇವೆಂದು ಒಪ್ಪಿಕೊಂಡಿದ್ದರು. ಅವರಲ್ಲಿ ಬಹುಪಾಲು ಮಂದಿಗೆ ಕ್ರಿಕೆಟ್ ಬ್ಯಾಟು ಹೊಸತು. ಹನ್ನೊಂದರ ಎದುರು ಹದಿನೆಂಟು ಜನ ಇಳಿಯುವ ರಿಯಾಯಿತಿಯೇನೋ ಇತ್ತು. ಆದರೂ ಲಾರ್ಡ್ಸ್‌ನಿಂದ ಹಿಡಿದು ಎಲ್ಲಿಯೂ ಅವರು ಕ್ರಿಕೆಟ್‌ನಲ್ಲಿ ಸೋಲಲಿಲ್ಲ. ತಾನು ಹುಟ್ಟಿದ ಶೆಫೀಲ್ಡ್‌ನಲ್ಲೂ ಹ್ಯಾರಿ ಆಡಿದ. ಬೇಸ್‌ಬಾಲಿಗೆ ಮಾತ್ರ ಇಂಗ್ಲಿಷರು ಮನಸೋಲಲಿಲ್ಲ, ಪ್ರವಾಸ ಕೈಕಚ್ಚಿತು.

ಸಂಬಳದ ದಾರಿ ತೆರೆದವನಿಗೆ ಅದರ ಮುಳ್ಳೂ ಚುಚ್ಚಿತು. ಮೊದಲಿಗೆ, ಆ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಕಪ್ಪು ಜನರಿರುವ ಕ್ಲಬ್ಬುಗಳನ್ನು ಸೇರಿಸಿಕೊಳ್ಳುವುದಿಲ್ಲವೆಂದು 1867ರಲ್ಲೇ ಸಂಘ ತೀರ್ಮಾನಿಸಿತ್ತು. ಎರಡನೆಯದಾಗಿ, ಆಟಗಾರರ ಕೈಯಲ್ಲಿದ್ದ ಆಟ ಮಾಲೀಕರ ಕೈ ಸೇರಿತು. 1876ರ ಫೆಬ್ರುವರಿ 2ರಂದು ಶಿಕಾಗೋದ ವಿಲಿಯಂ ಹಲ್ಬರ್ಟ್ ನ್ಯಾಷನಲ್ ಲೀಗ್ ಕಟ್ಟುವ ಹೊತ್ತಿಗೆ ಆಲ್ಬರ್ಟ್ ಸ್ಪಾಲ್ಡಿಂಗ್ ಸೇರಿ ಬಾಸ್ಟನ್ನಿನ ನಾಲ್ವರು ಮುಖ್ಯ ಆಟಗಾರರನ್ನು ಸೆಳೆದುಕೊಂಡಿದ್ದ. ಹ್ಯಾರಿ ಮತ್ತೆ ಕಟ್ಟಿ 1877, 1878ರಲ್ಲಿ ಗೆದ್ದ. 1879ರಲ್ಲಿ ತಮ್ಮ ಜಾರ್ಜ್ ಪ್ರಾವಿಡೆನ್ಸ್ ತಂಡದ ಮುಖ್ಯಸ್ಥನಾಗಿ ಹೋಗಿ ಮೊದಲ ವರ್ಷವೇ ಅಣ್ಣನ ಬಾಸ್ಟನ್ನನ್ನು ಹಿಂದಿಕ್ಕಿ ಪ್ರಶಸ್ತಿ ಎತ್ತಿದ. ಅದೇ ವರ್ಷ ಮಾಲೀಕರು ಸೇರಿ, ಪ್ರತಿ ತಂಡವೂ ಐವರನ್ನು ಕಾಯ್ದಿರಿಸಿಕೊಳ್ಳಬಹುದು, ಅವರನ್ನು ಬೇರೆ ಯಾರೂ ಮುಟ್ಟಬಾರದು ಎಂದು ಕಟ್ಟುಮಾಡಿದರು. ಆ ಬಲೆಗೆ ಮೊದಲು ಸಿಕ್ಕವರಲ್ಲಿ ಜಾರ್ಜ್ ಒಬ್ಬ. ಪ್ರಾವಿಡೆನ್ಸ್‌ಗೆ ಸಹಿ ಹಾಕಲು ಮನಸ್ಸಿಲ್ಲ, ಬಾಸ್ಟನ್ನಿಗೆ ಮರಳಲು ಬಿಡುವುದಿಲ್ಲ. ಆತ ಆಟವನ್ನೇ ಬಹುಮಟ್ಟಿಗೆ ಬಿಟ್ಟು ಕ್ರೀಡಾಸಾಮಗ್ರಿಯ ವ್ಯಾಪಾರಕ್ಕೆ ನಿಂತ.

ಹ್ಯಾರಿ ಬಾಸ್ಟನ್, ಪ್ರಾವಿಡೆನ್ಸ್ ದಾಟಿ 1884ರಲ್ಲಿ ಫಿಲಡೆಲ್ಫಿಯಾ ಸೇರಿದ. ಹಿಂದಿನ ವರ್ಷ 17 ಗೆದ್ದು 81 ಸೋತಿದ್ದ ತಂಡ ಅದು. 1887ಕ್ಕೆ ಎರಡನೇ ಸ್ಥಾನಕ್ಕೆ ತಂದ. 1890ರಲ್ಲಿ ಕಣ್ಣುಬೇನೆ ಬಂದು ಕೆಲಕಾಲ ದೃಷ್ಟಿಯೇ ಹೋಯಿತು. ಆಗಸ್ಟ್‌ನಲ್ಲಿ ಮತ್ತೆ ಕೆಲಸಕ್ಕೆ ಬಂದ. 1893ರ ನಂತರ ಫಿಲಡೆಲ್ಫಿಯಾ ಕರಾರು ಮುಂದುವರಿಸಲಿಲ್ಲ. 1,225 ಪಂದ್ಯ ಗೆಲ್ಲಿಸಿದ ಹಿರಿಯನನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ ಲೀಗ್ ಆತನಿಗೆ ಅಂಪೈರುಗಳ ಮುಖ್ಯಸ್ಥನ ಹುದ್ದೆ ಸೃಷ್ಟಿಸಿ ಕೊಟ್ಟಿತು. 1895ರ ಅಕ್ಟೋಬರ್ 3ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಆತ ತೀರಿಕೊಂಡ. ಮರುವರ್ಷ ಏಪ್ರಿಲ್ 13ರಂದು ಹಲವು ಊರುಗಳಲ್ಲಿ ಆತನ ಹೆಸರಿನಲ್ಲಿ ಪಂದ್ಯ ಆಡಿ ಸ್ಮಾರಕಕ್ಕೆ ಹಣ ಕೂಡಿಸಿದರು. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ತಮ್ಮ ಜಾರ್ಜ್ 1937ರಲ್ಲೇ ಸೇರಿದ. ಅಣ್ಣ 1953ರವರೆಗೆ ಕಾಯಬೇಕಾಯಿತು.

ಸಮಾಧಿಯ ಸ್ಮಾರಕದ ಮೇಲೆ ಆತನನ್ನು ಬೇಸ್‌ಬಾಲಿನ ಪಿತಾಮಹ ಎಂದು ಕೆತ್ತಿದ್ದಾರೆ. ಆ ಬಿರುದಿಗೆ ಹಕ್ಕುದಾರರು ಬಹಳ, ಜಗಳ ಇನ್ನೂ ಮುಗಿದಿಲ್ಲ. ಆಟವನ್ನು ಹುಟ್ಟಿಸಿದವನು ಹ್ಯಾರಿಯಲ್ಲ. ಆಡುವುದನ್ನು ಮರ್ಯಾದೆಯ ಕೆಲಸ ಮಾಡಿದವನು. ಹಣ ಬಂದರೆ ಆಟ ಕೆಡುತ್ತದೆ ಎಂದು ಹಳಬರು ಹೆದರಿದ್ದರು. ಕೆಡಿಸುವುದು ಮುಚ್ಚುಮರೆಯ ಹಣ. ಕರಾರಿನಲ್ಲಿ ಬರೆದ ಹಣ ಅಭ್ಯಾಸವನ್ನೂ ಶಿಸ್ತನ್ನೂ ಕೇಳಿ ಪಡೆಯುತ್ತದೆ ಎಂಬುದಕ್ಕೆ 1869ರ ತಂಡವೇ ಆತ ಮುಂದಿಟ್ಟ ಸಾಕ್ಷಿ. ಆತನಪ್ಪನ ಕಸುಬಿನ ತವರಾದ ಇಂಗ್ಲಿಷ್ ಕ್ರಿಕೆಟ್, ಸಾಹುಕಾರ ಆಟಗಾರ ಮತ್ತು ಸಂಬಳದ ಆಟಗಾರ ಎಂಬ ಭೇದವನ್ನು ಅಳಿಸಿಹಾಕಿದ್ದು 1962ರಲ್ಲಿ. ಗ್ರೌಂಡ್ಸ್‌ಮನ್ ಒಬ್ಬನ ಮಗ ಸಿನ್ಸಿನಾಟಿಯಲ್ಲಿ ಆ ಲೆಕ್ಕವನ್ನು 93 ವರ್ಷ ಮೊದಲೇ ಚುಕ್ತಾ ಮಾಡಿದ್ದ.